ಗೇಮಿಂಗ್ ಪಿಸಿ ಕೊಟೇಷನ್‌ನಲ್ಲಿ ಪೂರ್ತಿ ಮಾಡೆಲ್ ನಂಬರ್ ಇಲ್ಲದಿದ್ದರೆ ಅಡ್ವಾನ್ಸ್ ಕೊಡಬೇಡಿ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, ಆರ್‌ಎಕ್ಸ್ 580 8 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್." ನನ್ನ ತಮ್ಮನಿಗೆ ಸಿಕ್ಕ ಕೊಟೇಷನ್‌ನಲ್ಲಿ ಇದ್ದದ್ದು ಇಷ್ಟೇ. ಓದಿದರೆ ಬಾಯಲ್ಲಿ ನೀರೂರುತ್ತದೆ. ಮೋಸ ಇದ್ದದ್ದು ಬರೆದದ್ದರಲ್ಲಲ್ಲ, ಬರೆಯದೆ ಬಿಟ್ಟದ್ದರಲ್ಲಿ. ಮಾರಿದವರ ಹೆಸರು ಹಾಕುತ್ತಿಲ್ಲ. ಹಾಕಿದರೂ ಪ್ರಯೋಜನವಿಲ್ಲ, ಇಂಥದೇ ಚೀಟಿಯನ್ನು ನಾಳೆ ಇನ್ನೊಬ್ಬರು ಬರೆದುಕೊಡುತ್ತಾರೆ.

ಸಿಸ್ಟಮ್ ಬಂದಾಗ ಲೈಟುಗಳೆಲ್ಲ ಝಗಮಗ, ವಿಂಡೋಸ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಗೇಮ್ ಹಾಕಿ, ಪರದೆಯ ಮೇಲೆ ಗಲಾಟೆ ಜೋರಾದ ಕೂಡಲೇ ಪಟ್ ಅಂತ ರೀಸ್ಟಾರ್ಟ್. ನೀಲಿ ಪರದೆ ಇಲ್ಲ, ಎರರ್ ಮೆಸೇಜ್ ಇಲ್ಲ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಅಂತ ಮಾತ್ರ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತು ಎಂದಷ್ಟೇ ಅದರ ಅರ್ಥ. ಲೋಡ್ ಬಿದ್ದಾಗಲೇ ಹೀಗಾದರೆ ಮೊದಲ ಅನುಮಾನ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲೆ ಬರಬೇಕು. ಮಾರಿದವರಿಗೆ ಫೋನ್ ಮಾಡಿದರೆ "ವಿಂಡೋಸ್ ಹೊಸದಾಗಿ ಹಾಕಿ ನೋಡಿ ಸಾರ್" ಅಂದರು. ಅದೂ ಆಯಿತು. ಆಮೇಲೆ "ಗೇಮ್ ಕ್ರ್ಯಾಕ್ ಮಾಡಿದ್ದಿರಬೇಕು" ಅಂತ ರಾಗ ತೆಗೆದರು. ಗೇಮ್ ದುಡ್ಡು ಕೊಟ್ಟು ತಗೊಂಡದ್ದು.

ಕೊನೆಗೆ ನಾನೇ ಕ್ಯಾಬಿನೆಟ್ ಬಿಚ್ಚಿದೆ. ಎಸ್‌ಎಂಪಿಎಸ್ ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್. ಅದರ ಕೆಳಗಿನ ಸಣ್ಣ ಪಟ್ಟಿಯಲ್ಲಿ +12 ವೋಲ್ಟ್‌ನ ಎದುರು 16 ಆಂಪಿಯರ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್ ಲೈನಿನ ಮೇಲೆಯೇ ಬದುಕುವುದು. 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಒಳಗಿದ್ದ ಕಾರ್ಡಿಗೆ 150ರ ಆಸುಪಾಸು, ಪ್ರೊಸೆಸರಿಗೆ 77. ಲೆಕ್ಕ ಅಲ್ಲಿಗೇ ಮುಗಿಯಿತು, ಫ್ಯಾನು ಡಿಸ್ಕುಗಳ ಮಾತೇ ಬೇಡ.

ನನಗೆ ನಿಜಕ್ಕೂ ಭಯವಾದದ್ದು ಮುಂದಿನದನ್ನು ನೋಡಿ. ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಆ ಎಸ್‌ಎಂಪಿಎಸ್‌ನಲ್ಲಿ ಇರಲೇ ಇಲ್ಲ. ಡಿಸ್ಕು, ಫ್ಯಾನುಗಳಿಗೆಂದು ಇರುವ ಹಳೆ ಮೋಲೆಕ್ಸ್ ಪಿನ್ನುಗಳಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಕರೆಂಟ್ ಕೊಟ್ಟಿದ್ದರು. ಹಳದಿ ವೈರು ಒಳಹೋಗುವ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿ, ಅಂಚು ಸ್ವಲ್ಪ ಕರಗಿತ್ತು. ಎಳೆದರೆ ಬಿಡಲಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ಕೀಳಬೇಕಾಯಿತು. ಸಿಸ್ಟಮ್ ರೀಸ್ಟಾರ್ಟ್ ಆಗುತ್ತಿದ್ದುದೇ ಪುಣ್ಯ. ಒಂದೇ ಸಮ ಓಡಿದ್ದರೆ ಏನಾಗುತ್ತಿತ್ತೋ.

ಇನ್ನು ಕಾರ್ಡು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಶೇಡರ್ಸ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು) ಎದುರು 2048. ಅಸಲಿ ಆರ್‌ಎಕ್ಸ್ 580ಯಲ್ಲಿ ಇರಬೇಕಾದದ್ದು 2304. ಇದು ನಕಲಿ ಕಾರ್ಡೂ ಅಲ್ಲ! 2018ರಲ್ಲಿ ಎಎಂಡಿ ಕಂಪನಿಯೇ ಚೀನಾ ಮಾರುಕಟ್ಟೆಗೆಂದು ಬಿಟ್ಟ 'ಆರ್‌ಎಕ್ಸ್ 580 2048ಎಸ್‌ಪಿ'. ಶೇಡರ್ ಲೆಕ್ಕದಲ್ಲಿ ಅದು ಒಂದು ಮೆಟ್ಟಿಲು ಕೆಳಗಿನ ಆರ್‌ಎಕ್ಸ್ 570. ಕೊಟೇಷನ್‌ನಲ್ಲಿ ಕೊನೆಯ ತುಣುಕು ಮಾಯವಾಗಿತ್ತು, ಅಷ್ಟೇ. ಐ7 ಅಂದದ್ದು ಐ7-3770, 2012ರ ಮಾಲು. ನಾಲ್ಕು ಕೋರ್, ಹಳೆ ತಲೆಮಾರಿನ ಡಿಡಿಆರ್3 ರ‍್ಯಾಮ್, ಮೇಲೆ ಎವಿಎಕ್ಸ್2 (ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳ ಒಂದು ಗುಂಪು) ಇಲ್ಲ. ಅದು ಬೇಕೇ ಬೇಕು ಅನ್ನುವ ಹೊಸ ಗೇಮ್‌ಗಳು ಇದರಲ್ಲಿ ಶುರುವೇ ಆಗುವುದಿಲ್ಲ. 2022ರ ಐ3-12100ಎಫ್‌ನಲ್ಲೂ ನಾಲ್ಕೇ ಕೋರ್, ಆದರೂ ಇದನ್ನು ಬಹಳ ಹಿಂದೆ ಹಾಕುತ್ತದೆ. ಐ3, ಐ7 ಅನ್ನುವುದು ಮನೆತನದ ಹೆಸರಿದ್ದಂತೆ, ವಯಸ್ಸು ತಿಳಿಯುವುದು ಮುಂದಿನ ನಂಬರಿನಿಂದ.

ಕೇಳಲು ಹೋದಾಗ ಬಂದ ಉತ್ತರ: "ಬರೆದದ್ದನ್ನೇ ಕೊಟ್ಟಿದ್ದೀವಲ್ಲ ಸಾರ್? 580 ಅಂದ್ರಿ, 580 ಇದೆ." ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿಕೊಡಲು ಒಪ್ಪಿದರು, ಅದೂ ಅಂಥದ್ದೇ ಇನ್ನೊಂದು. ಬೇಡವೆಂದು ಬಂದೆವು.

ಹಳೆ ಮಾಲಿಗೆ ಮಾತ್ರ ಈ ಕಾಟ ಅಂದುಕೊಳ್ಳಬೇಡಿ. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಅಂದರೆ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. 2024ರಲ್ಲಿ ಬಂದ 6 ಜಿಬಿಯದರಲ್ಲಿ ಕಮ್ಮಿಯಾದದ್ದು ಮೆಮೊರಿ ಮಾತ್ರವಲ್ಲ, ಕೋರ್‌ಗಳು 2560ರಿಂದ 2304ಕ್ಕೆ, ಮೆಮೊರಿ ಬಸ್ (ಮೆಮೊರಿಗೆ ಹೋಗಿಬರುವ ದಾರಿಯ ಅಗಲ) 128 ಬಿಟ್‌ನಿಂದ 96ಕ್ಕೆ ಇಳಿದಿವೆ. ಜಿಟಿ 1030ರ ಡಿಡಿಆರ್4 ಆವೃತ್ತಿಗಂತೂ ಜಿಡಿಡಿಆರ್5 ಆವೃತ್ತಿಯ ಮೂರನೇ ಒಂದರಷ್ಟು ಬ್ಯಾಂಡ್‌ವಿಡ್ತ್, ಅಂದರೆ ಮೆಮೊರಿಯ ವೇಗ. ಎಎಂಡಿಯ ಪ್ರೊಸೆಸರ್‌ಗಳಾದ ರೈಜೆನ್ 5 5500, 5600 ನೋಡಲು ಅಣ್ಣತಮ್ಮಂದಿರು, ಆದರೆ 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಅರ್ಧ, ಕಾರ್ಡು ಪ್ರೊಸೆಸರ್ ನಡುವಿನ ವೇಗದ ದಾರಿಯಾದ ಪಿಸಿಐಇ 4.0 ಇಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಬಳಸುವುದು ಆ ದಾರಿಯ ನಾಲ್ಕೇ ಲೇನ್, ಅದನ್ನು 5500ರ ಜೊತೆ ಕೂರಿಸಿದರೆ ಇನ್ನಷ್ಟು ಹೊಡೆತ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರು ನೋಡಿ ಸುಮ್ಮನಾಗಬೇಡಿ. ಬಯೋಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿದ ಕಾರ್ಡು ತನ್ನ ಹೆಸರು ಏನು ಬೇಕಾದರೂ ಹೇಳುತ್ತದೆ. ಜಿಟಿಎಸ್ 450ಯಂಥ ಓಬೀರಾಯನ ಕಾಲದ ಕಾರ್ಡನ್ನು ಜಿಟಿಎಕ್ಸ್ 1050 ಟಿಐ ಅಂತ ಮಾರಿದವರಿದ್ದಾರೆ. ಇಂಥ ನಕಲಿಗಳನ್ನು ಜಿಪಿಯು-ಝಡ್ 2018ರಿಂದ ಗುರುತಿಸಿ 'ಫೇಕ್' ಅಂತ ತೋರಿಸುತ್ತದೆ. ಬಾಕಿ ಹಣ ಕೊಡುವ ಮೊದಲು ಜಿಪಿಯು-ಝಡ್, ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ಎರಡನ್ನೂ ನಿಮ್ಮ ಕಣ್ಣೆದುರೇ ಹಾಕಿಸಿ, ಪ್ರೊಸೆಸರ್ ಮತ್ತು ಕಾರ್ಡು ಎರಡಕ್ಕೂ ಒಟ್ಟಿಗೆ ಲೋಡ್ ಬೀಳುವಂತೆ ಅರ್ಧ ಗಂಟೆ ಓಡಿಸಿ ನೋಡಿ. ಎಸ್‌ಎಂಪಿಎಸ್ ಮೇಲೆ ಅಂಟಿಸಿದ ಪಟ್ಟಿಯ ಫೋಟೋ ಮೊದಲೇ ತರಿಸಿಕೊಳ್ಳಿ. ಕ್ಯಾಬಿನೆಟ್ ಜೊತೆ ಫ್ರೀ ಅಂದರೆ ಆ ಫ್ರೀ ಅವರ ಬಳಿಯೇ ಇರಲಿ.

ಈಗಾಗಲೇ ಇಂಥ ಸಿಸ್ಟಮ್ ಮನೆಗೆ ತಂದಿದ್ದರೆ ಇವತ್ತೇ ಆ ಮೋಲೆಕ್ಸ್ ಅಡಾಪ್ಟರ್ ಬಿಚ್ಚಿ ನೋಡಿ, ಬಣ್ಣ ತಿರುಗಿದ್ದರೆ ಮತ್ತೆ ಹಾಕಬೇಡಿ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಬದಲಾಯಿಸಬೇಕಾದದ್ದು ಎಸ್‌ಎಂಪಿಎಸ್. ಒಳ್ಳೆಯದು ಹಾಕಿದರೆ ಮುಂದಿನ ಸಿಸ್ಟಮ್‌ಗೂ ಅದೇ ಆಗುತ್ತದೆ. ಆ ಡಿಡಿಆರ್3 ರ‍್ಯಾಮಾಗಲಿ ಬೋರ್ಡಾಗಲಿ ಮುಂದೆ ಯಾವುದಕ್ಕೂ ಬರುವುದಿಲ್ಲ.