ಒಂದೇ ವಿಲ್ಯಾನ್ ಕೆಲಸ, ಮೂರು ಸ್ವಿಚ್: ಸಣ್ಣ ಕಚೇರಿಗೆ ಯಾವುದು ಹೊಂದುತ್ತದೆ?

ತುಮಕೂರಿನ ಬಿ.ಎಚ್. ರಸ್ತೆಯ ಆಡಿಟರ್ ಕಚೇರಿಯಾಗಲಿ, ಅಂತರಸನಹಳ್ಳಿಯ ಸಣ್ಣ ಕಾರ್ಖಾನೆಯಾಗಲಿ, ಬೇಡಿಕೆ ಹೆಚ್ಚೂಕಡಿಮೆ ಒಂದೇ. ಟ್ಯಾಲಿ ಓಡುವ ಕಂಪ್ಯೂಟರ್‌ಗಳು ಒಂದು ಕಡೆ ಇರಬೇಕು, ಸಿಸಿಟಿವಿ ಇನ್ನೊಂದು ಕಡೆ. ಬಂದುಹೋಗುವವರ ವೈಫೈ ಇವೆರಡನ್ನೂ ಮುಟ್ಟಬಾರದು, ಇಡೀ ಲೈನನ್ನೂ ನುಂಗಬಾರದು. ಒಂದೇ ಸ್ವಿಚ್ಚಿನೊಳಗೆ ಜಾಲವನ್ನು ಹೀಗೆ ಪ್ರತ್ಯೇಕ ಭಾಗಗಳಾಗಿ ಒಡೆಯುವುದೇ ವಿಲ್ಯಾನ್ (VLAN). ಇದೇ ಕೆಲಸವನ್ನು ನಾವು ಮೂರು ಸ್ವಿಚ್‌ಗಳಲ್ಲಿ ಮಾಡಿ ನೋಡಿದ್ದೇವೆ: ಎಂಟು ಪೋರ್ಟಿನ ಅಗ್ಗದ ವೆಬ್ ಸ್ಮಾರ್ಟ್ ಸ್ವಿಚ್, ಮೈಕ್ರೋಟಿಕ್ ಸಿಆರ್‌ಎಸ್326, ಸೆಕೆಂಡ್ ಹ್ಯಾಂಡ್ ಸಿಸ್ಕೊ ಕ್ಯಾಟಲಿಸ್ಟ್ 2960.

ನಕ್ಷೆ ಹೀಗೆ: ವಿಲ್ಯಾನ್ 10 ಲೆಕ್ಕಪತ್ರ, 20 ಕ್ಯಾಮೆರಾ, 30 ಅತಿಥಿ, 99 ಸ್ವಿಚ್ ನಿರ್ವಹಣೆ. ಪೋರ್ಟ್ 1 ರೌಟರ್‌ಗೆ, ಅಲ್ಲಿ ನಾಲ್ಕೂ ಟ್ಯಾಗ್ಡ್ (ಫ್ರೇಮ್ ಎಂಬ ಡೇಟಾ ತುಣುಕಿನ ಮೇಲೆ ವಿಲ್ಯಾನ್ ಸಂಖ್ಯೆ ಇರುತ್ತದೆ; ಅನ್‌ಟ್ಯಾಗ್ಡ್ ಅಂದರೆ ಸಂಖ್ಯೆ ಇಲ್ಲದ್ದು). ಪೋರ್ಟ್ 2 ವೈಫೈ ಆಕ್ಸೆಸ್ ಪಾಯಿಂಟ್‌ಗೆ, 10 ಮತ್ತು 30 ಟ್ಯಾಗ್ಡ್, 99 ಅನ್‌ಟ್ಯಾಗ್ಡ್. ಪೋರ್ಟ್ 3 ಮತ್ತು 4 ಕಂಪ್ಯೂಟರ್‌ಗೆ, ಪೋರ್ಟ್ 5 ಎನ್‌ವಿಆರ್‌ಗೆ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ), ಪೋರ್ಟ್ 6 ಕ್ಯಾಮೆರಾಗಳ ಪಿಒಇ ಸ್ವಿಚ್‌ಗೆ (ಡೇಟಾ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಸ್ವಿಚ್).

ವಿಲ್ಯಾನ್ ಬೇರ್ಪಡಿಸುವುದು ಮೂರರಲ್ಲೂ ಆಗುತ್ತದೆ. ಅದನ್ನು ನೋಡಿ ಆಯ್ಕೆ ಮಾಡಬೇಡಿ. ಸೆಟ್ಟಿಂಗ್ ತಪ್ಪಿದಾಗ ಏನಾಗುತ್ತದೆ, ವೇಗದ ಮಿತಿ ಪೋರ್ಟಿಗೆ ಮಾತ್ರ ಬೀಳುತ್ತದೋ ವಿಲ್ಯಾನ್‌ಗೂ ಹಾಕಬಹುದೋ, ಈ ಎರಡನ್ನು ನೋಡಿ.

ಅಗ್ಗದ ಸ್ವಿಚ್

802.1ಕ್ಯೂ (ವಿಲ್ಯಾನ್ ಟ್ಯಾಗ್‌ನ ಮಾನದಂಡ) ಆನ್ ಮಾಡಿ, ವಿಲ್ಯಾನ್ ಸೃಷ್ಟಿಸಿ, ಟ್ಯಾಗ್ಡ್ ಅನ್‌ಟ್ಯಾಗ್ಡ್ ಗುರುತು ಹಾಕಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಮುಗಿದಿರುವುದಿಲ್ಲ. ಪಿವಿಐಡಿ ಬೇರೆ ಪುಟದಲ್ಲಿರುತ್ತದೆ. ಅನ್‌ಟ್ಯಾಗ್ಡ್ ಗುರುತು ಪೋರ್ಟಿನಿಂದ ಹೊರಹೋಗುವ ಫ್ರೇಮಿಗೆ ಸಂಬಂಧಿಸಿದ್ದು. ಒಳಬರುವ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಬೇಕೆಂದು ಹೇಳುವುದು ಪಿವಿಐಡಿ. ಪೋರ್ಟ್ 3ರಲ್ಲಿ ಅದು ಕಾರ್ಖಾನೆಯಿಂದ ಬಂದಂತೆ 1 ಎಂದೇ ಉಳಿದರೆ ಕಂಪ್ಯೂಟರಿನ ಡಿಎಚ್‌ಸಿಪಿ (ಐಪಿ ವಿಳಾಸ ಕೇಳುವ) ಕೋರಿಕೆ ವಿಲ್ಯಾನ್ 1ಕ್ಕೆ ಹೋಗುತ್ತದೆ. ಲಿಂಕ್ ದೀಪ ಉರಿಯುತ್ತಿರುತ್ತದೆ, ಆದರೆ ಐಪಿ 169.254ರಿಂದ ಶುರುವಾಗಿರುತ್ತದೆ, ಅಂದರೆ ಕೇಳಿದ ವಿಳಾಸ ಸಿಕ್ಕಿಲ್ಲ. ಕೇಬಲ್ ಬದಲಿಸಿ ಉಪಯೋಗವಿಲ್ಲ.

ಇನ್ನೊಂದು ಎಡವಟ್ಟು ಸುಲಭಕ್ಕೆ ಕಣ್ಣಿಗೆ ಬೀಳದು. ವಿಲ್ಯಾನ್ 10ಕ್ಕೆ ಸೇರಿಸಿದ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆಯದಿದ್ದರೆ ಎರಡರ ಬ್ರಾಡ್‌ಕಾಸ್ಟೂ ಅಲ್ಲಿ ಇಳಿಯುತ್ತದೆ. ಐಪಿವಿ4ರಲ್ಲಿ ಎಲ್ಲ ಸರಿಯಿದ್ದಂತೆ ತೋರುತ್ತದೆ. ಆದರೆ ವಿಲ್ಯಾನ್ 1ರಲ್ಲಿ ರೌಟರ್ ಐಪಿವಿ6 ಪ್ರಕಟಣೆ ಕಳಿಸುತ್ತಿದ್ದರೆ, 10ರಲ್ಲಿರುವ ಕಂಪ್ಯೂಟರ್ ಆ ವಿಳಾಸವನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಕೆಲವು ವೆಬ್‌ಸೈಟ್ ತೆರೆಯುತ್ತವೆ, ಕೆಲವು ತಡವರಿಸುತ್ತವೆ. ಪೋರ್ಟನ್ನು 1ರಿಂದ ತೆಗೆಯಲು ಬಿಡದ ಫರ್ಮ್‌ವೇರ್ ಇರುವ ಸ್ವಿಚ್ ಈ ಕೆಲಸಕ್ಕೆ ಬೇಡವೇ ಬೇಡ. ಖರೀದಿಗೆ ಮುಂಚೆ ಮ್ಯಾನುಯಲ್‌ನಲ್ಲಿ ಇದನ್ನೊಂದು ನೋಡಿ, ಜೊತೆಗೆ ನಿರ್ವಹಣೆ ವಿಲ್ಯಾನ್ ಆಯ್ಕೆ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಅತಿಥಿ ವೈಫೈಯಲ್ಲಿ ಕೂತವರಿಗೂ ಸ್ವಿಚ್‌ನ ಲಾಗಿನ್ ಪುಟ ಸಿಗಬಹುದು.

ವೇಗದ ಮಿತಿ ಇಲ್ಲಿ ಪೋರ್ಟಿಗೆ ಮಾತ್ರ. ಪೋರ್ಟ್ 2ಕ್ಕೆ 10 ಎಂಬಿಪಿಎಸ್ ಹಾಕಿದರೆ ಅದೇ ಆಕ್ಸೆಸ್ ಪಾಯಿಂಟ್‌ನಲ್ಲಿರುವ ಲೆಕ್ಕಪತ್ರದ ಲ್ಯಾಪ್‌ಟಾಪೂ ಅಷ್ಟರೊಳಗೇ ತೆವಳಬೇಕು. ಅತಿಥಿಗಳಿಗೆ ಬೇರೆ ಆಕ್ಸೆಸ್ ಪಾಯಿಂಟ್, ಅದಕ್ಕೆ ಬೇರೆ ಪೋರ್ಟ್ ಕೊಟ್ಟರೆ ಅಗ್ಗದ ಸ್ವಿಚ್ಚೂ ಚೊಕ್ಕವಾಗಿ ಕೆಲಸ ಮಾಡುತ್ತದೆ.

ಮೈಕ್ರೋಟಿಕ್

ಇಲ್ಲಿ ಎಲ್ಲವೂ ಕ್ರಮದ ಮೇಲೆ ನಿಂತಿದೆ. ಮೊದಲು ಬ್ರಿಡ್ಜ್ (ಪೋರ್ಟ್‌ಗಳನ್ನು ಒಟ್ಟುಗೂಡಿಸುವ ಗುಂಪು) ಮಾಡಿ ವಿಲ್ಯಾನ್ ಫಿಲ್ಟರಿಂಗ್ ಆಫ್ ಇಡಿ. ಪೋರ್ಟ್‌ಗಳನ್ನು ಪಿವಿಐಡಿ ಸಮೇತ ಸೇರಿಸಿ. ಬ್ರಿಡ್ಜ್ ವಿಲ್ಯಾನ್ ಪಟ್ಟಿಯಲ್ಲಿ ನಾಲ್ಕೂ ವಿಲ್ಯಾನ್ ಬರೆಯಿರಿ. 99ರ ಸಾಲಿನಲ್ಲಿ ಬ್ರಿಡ್ಜ್‌ನ ಹೆಸರನ್ನೇ ಟ್ಯಾಗ್ಡ್ ಸದಸ್ಯನಾಗಿ ಸೇರಿಸಿ, ಬ್ರಿಡ್ಜ್ ಮೇಲೆ ವಿಲ್ಯಾನ್ 99 ಇಂಟರ್‌ಫೇಸ್ ಮಾಡಿ ಐಪಿ ಕೊಡಿ. ಕಟ್ಟಕಡೆಗೆ ಫಿಲ್ಟರಿಂಗ್ ಆನ್. ಹಳೆಯ ರೌಟರ್‌ಒಎಸ್ (ಮೈಕ್ರೋಟಿಕ್‌ನ ಸಾಫ್ಟ್‌ವೇರ್) ಆವೃತ್ತಿಗಳಲ್ಲಿ ಬ್ರಿಡ್ಜ್ ಹೆಸರು ಬಿಟ್ಟುಹೋದರೆ ಆನ್ ಮಾಡಿದ ಕ್ಷಣವೇ ನೀವು ಹೊರಗೆ, ಏಕೆಂದರೆ 99ರ ಫ್ರೇಮ್ ಸ್ವಿಚ್‌ನ ಸಿಪಿಯುಗೆ ತಲುಪಲು ದಾರಿಯೇ ಇರುವುದಿಲ್ಲ.

ಇದಕ್ಕೆ ಮದ್ದು ಸೇಫ್ ಮೋಡ್. ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿ ಶುರು ಮಾಡಿದರೆ, ಸಂಪರ್ಕ ಕಡಿದಾಗ ಬದಲಾವಣೆಗಳು ತಾವಾಗಿ ಹಿಂದಕ್ಕೆ ಹೋಗುತ್ತವೆ. ಟಿಸಿಪಿ ಸಂಪರ್ಕ ಸತ್ತಿದೆ ಎಂದು ಅದಕ್ಕೆ ಗೊತ್ತಾಗಲು ಸುಮಾರು 9 ನಿಮಿಷ ಬೇಕು; ಅಷ್ಟರಲ್ಲಿ ಗಾಬರಿಬಿದ್ದು ರೀಸೆಟ್ ಬಟನ್ ಒತ್ತಬೇಡಿ. ಸೇಫ್ ಮೋಡ್ ಇಲ್ಲದಾಗ ಮಾಡಿದ ಬದಲಾವಣೆ ಅಲ್ಲೇ ಉಳಿಯುತ್ತದೆ, ಪ್ರತ್ಯೇಕ ಸೇವ್ ಬೇಕಿಲ್ಲ. ಕರೆಂಟ್ ಹೋಗಿ ಬರುವ ಊರಿಗೆ ಇದು ಒಳ್ಳೆಯ ಗುಣ.

ವೇಗದ ಮಿತಿಯಲ್ಲಿ ಹಲವರು ಎಡವುವುದು ಸಿಂಪಲ್ ಕ್ಯೂ ಎಂಬ ಸೌಲಭ್ಯದಲ್ಲಿ. ಕ್ಯೂ ಕೆಲಸ ಮಾಡುವುದು ಸಿಪಿಯುನಲ್ಲಿ. ಪೋರ್ಟಿನಿಂದ ಪೋರ್ಟಿಗೆ ಹೋಗುವ ಟ್ರಾಫಿಕ್ಕನ್ನು ಸ್ವಿಚ್ ಚಿಪ್ಪೇ ದಾಟಿಸುತ್ತದೆ, ಸಿಪಿಯು ಅದನ್ನು ಕಾಣುವುದೇ ಇಲ್ಲ. ಹಾಗಾಗಿ ಕ್ಯೂ ಬರೆದರೂ ಲೆಕ್ಕ ಸೊನ್ನೆಯಲ್ಲೇ ನಿಂತಿರುತ್ತದೆ. ಸ್ವಿಚ್ ರೂಲ್ ಬರೆಯಿರಿ: ಪೋರ್ಟ್ 2, ವಿಲ್ಯಾನ್ ಐಡಿ 30, ರೇಟ್ 10 ಎಂ. ಈ ರೇಟ್ ಒಳಬರುವ ದಿಕ್ಕಿಗೆ ಮಾತ್ರ, ಅಂದರೆ ಅತಿಥಿಗಳ ಅಪ್‌ಲೋಡ್‌ಗೆ. ಡೌನ್‌ಲೋಡ್ ಹಿಡಿಯಲು ರೌಟರ್ ಕಡೆಯ ಪೋರ್ಟ್ 1ರಲ್ಲಿ ಅದೇ ವಿಲ್ಯಾನ್‌ಗೆ ಇನ್ನೊಂದು ರೂಲ್ ಬೇಕು. ಇಷ್ಟಾದರೆ ಒಂದೇ ಆಕ್ಸೆಸ್ ಪಾಯಿಂಟ್‌ನಲ್ಲಿ ಅತಿಥಿಗೆ ಮಿತಿ, ಲೆಕ್ಕಪತ್ರಕ್ಕೆ ಪೂರ್ತಿ ವೇಗ. ಮೂರರಲ್ಲಿ ಇದನ್ನು ಕಡಿಮೆ ಸಾಲಿನಲ್ಲಿ ಮುಗಿಸುವುದು ಇದೇ.

ಸಿಸ್ಕೊ 2960

ಕೊಳ್ಳುವಾಗ ಮಾದರಿ ಸಂಖ್ಯೆಯ ಕೊನೆಯಕ್ಷರ ನೋಡಿ. ಎಲ್ ಅಂದರೆ ಲ್ಯಾನ್ ಬೇಸ್, ಎಸ್ ಅಂದರೆ ಲ್ಯಾನ್ ಲೈಟ್. ವೇಗದ ಮಿತಿ ಹಾಕುವ ಪಾಲಿಸಿ ಮ್ಯಾಪ್ ಬೇಕಾದರೆ ಎಲ್ ತೆಗೆದುಕೊಳ್ಳಿ. ಐಒಎಸ್ (ಸಿಸ್ಕೊ ಸ್ವಿಚ್‌ನ ಸಾಫ್ಟ್‌ವೇರ್) ಫೈಲಿನ ಹೆಸರಲ್ಲಿ ಕೆ9 ಇಲ್ಲದಿದ್ದರೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಇರುವುದಿಲ್ಲ. 24ಟಿಟಿ-ಎಲ್‌ನಲ್ಲಿ ಗಿಗಾಬಿಟ್ ಪೋರ್ಟ್ ಎರಡೇ, ಉಳಿದ 24 ಪೋರ್ಟ್ 100 ಎಂಬಿಪಿಎಸ್. ಎಂಟು ಕ್ಯಾಮೆರಾ ತಲಾ 4 ಎಂಬಿಪಿಎಸ್ ಅಂದರೂ 32, ಎನ್‌ವಿಆರ್‌ಗೆ 100 ಧಾರಾಳ. ಗಿಗಾಬಿಟ್ಟನ್ನು ರೌಟರ್‌ಗೂ ಸರ್ವರ್‌ಗೂ ಮೀಸಲಿಡಿ.

ಹಳೆಯ ಸ್ವಿಚ್ಚನ್ನು ಇರುವ ಜಾಲಕ್ಕೆ ನೇರ ಚುಚ್ಚಬಾರದು. ಅದರಲ್ಲಿ ಹಳೆ ವಿಟಿಪಿ (ಸ್ವಿಚ್‌ಗಳು ವಿಲ್ಯಾನ್ ಪಟ್ಟಿ ಹಂಚಿಕೊಳ್ಳುವ ವ್ಯವಸ್ಥೆ) ಮಾಹಿತಿ ಉಳಿದಿದ್ದು, ಡೊಮೇನ್ ಹೆಸರು ಹೊಂದಿ ರಿವಿಷನ್ ಸಂಖ್ಯೆ ಹೆಚ್ಚಿದ್ದರೆ ಉಳಿದ ಸ್ವಿಚ್‌ಗಳ ವಿಲ್ಯಾನ್ ಪಟ್ಟಿಯನ್ನೇ ಅಳಿಸಿಬಿಡಬಹುದು. ಕನ್ಸೋಲ್ ಕೇಬಲ್‌ನಿಂದ 9600 ಬಾಡ್‌ನಲ್ಲಿ ಒಳಹೋಗಿ, ಸ್ಟಾರ್ಟಪ್ ಕಾನ್ಫಿಗ್ ಜೊತೆಗೆ ಫ್ಲ್ಯಾಷ್‌ನ ವಿಲ್ಯಾನ್ ಡಾಟ್ ಡ್ಯಾಟ್ ಫೈಲನ್ನೂ ಅಳಿಸಿ, ವಿಟಿಪಿ ಟ್ರಾನ್ಸ್‌ಪರೆಂಟ್ ಮಾಡಿ.

ಟ್ರಂಕ್‌ಗೆ (ಹಲವು ವಿಲ್ಯಾನ್ ಒಯ್ಯುವ ಪೋರ್ಟಿಗೆ) ಹೊಸ ವಿಲ್ಯಾನ್ ಸೇರಿಸುವಾಗ ‘ಅಲೋಡ್ ವಿಲ್ಯಾನ್ ಆ್ಯಡ್ 40’ ಎಂದು ಬರೆಯಬೇಕು. ‘ಆ್ಯಡ್’ ಬಿಟ್ಟರೆ ಹಳೆ ಪಟ್ಟಿ ಹೋಗಿ ಬರೀ 40 ಉಳಿಯುತ್ತದೆ. ದೂರದಿಂದ ಮಾಡುತ್ತಿದ್ದರೆ ನೀವೂ ಹೋದಿರಿ. ಮೊದಲು ‘ರೀಲೋಡ್ ಇನ್ 10’ (ಹತ್ತು ನಿಮಿಷಕ್ಕೆ ತಾನೇ ರೀಸ್ಟಾರ್ಟ್) ಕೊಟ್ಟು ಶುರು ಮಾಡಿ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ‘ರೈಟ್ ಮೆಮೊರಿ’. ಇದನ್ನು ಮರೆತರೆ ಮುಂದಿನ ಪವರ್ ಕಟ್‌ಗೆ ಎಲ್ಲ ಮಾಯ.

ಮಿತಿ ಹಾಕಲು ಅತಿಥಿ ಸಬ್‌ನೆಟ್ಟಿನ ಎಸಿಎಲ್ (ಯಾವ ಟ್ರಾಫಿಕ್ ಎಂದು ಗುರುತಿಸುವ ಪಟ್ಟಿ), ಕ್ಲಾಸ್ ಮ್ಯಾಪ್, ಪಾಲಿಸಿ ಮ್ಯಾಪ್ ಬೇಕು. ಇದೂ ಒಳಬರುವ ದಿಕ್ಕಿಗೆ ಮಾತ್ರ, ಆದ್ದರಿಂದ ಎರಡೂ ಬದಿಗೆ ಬರೆಯಬೇಕು. ಬರ್ಸ್ಟ್ (ಒಮ್ಮೆಗೆ ಮಿತಿ ಮೀರಿ ಬಿಡುವ ಪ್ರಮಾಣ) 8000 ಬೈಟ್ ಎಂದೇ ಬಿಟ್ಟರೆ ಅದು 1500 ಬೈಟಿನ ಐದು ಫ್ರೇಮಿನಷ್ಟು. ಟಿಸಿಪಿ ಆಗಾಗ ಪ್ಯಾಕೆಟ್ ಕಳೆದುಕೊಂಡು 10 ಎಂಬಿಪಿಎಸ್ ಹಾಕಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಕೆಲವು ಲಕ್ಷ ಬೈಟ್‌ಗೆ ಏರಿಸಿ. ಇದಕ್ಕೆಲ್ಲ ‘ಎಂಎಲ್‌ಎಸ್ ಕ್ಯೂಒಎಸ್’ ಆನ್ ಆಗಿರಬೇಕು. ಆನ್ ಆದೊಡನೆ ಪೋರ್ಟ್‌ಗಳು ಬಂದ ಡಿಎಸ್‌ಸಿಪಿ (ಆದ್ಯತೆಯ) ಗುರುತನ್ನು ನಂಬದೆ ಸೊನ್ನೆ ಮಾಡುತ್ತವೆ. ಐಪಿ ಫೋನ್ ಇರುವ ಕಚೇರಿಯಲ್ಲಿ ಧ್ವನಿ ಕಡಿಯಲು ಶುರುವಾದರೆ ಫೋನಿನ ಪೋರ್ಟ್‌ಗೂ ಅಪ್‌ಲಿಂಕ್‌ಗೂ ‘ಟ್ರಸ್ಟ್ ಡಿಎಸ್‌ಸಿಪಿ’ ಕೊಡಿ.

ಇಷ್ಟೆಲ್ಲ ಕಿರಿಕಿರಿಯಿದ್ದೂ 2960 ಇಷ್ಟವಾಗುವುದು ಲೂಪ್ ವಿಷಯದಲ್ಲಿ. ಮೇಜಿನ ಕೆಳಗಿನ ಸಾದಾ ಸ್ವಿಚ್‌ಗೆ ಯಾರೋ ಒಂದೇ ಕೇಬಲ್‌ನ ಎರಡೂ ತುದಿ ಚುಚ್ಚಿದರೆ, ಪೋರ್ಟ್‌ಫಾಸ್ಟ್ (ಪೋರ್ಟನ್ನು ಕಾಯದೆ ತೆರೆಯುವ ಸೆಟ್ಟಿಂಗ್) ಜೊತೆ ಬಿಪಿಡಿಯು (ಲೂಪ್ ಪತ್ತೆಗೆ ಸ್ವಿಚ್ ಕಳಿಸುವ ಸಂದೇಶ) ಗಾರ್ಡ್ ಇದ್ದ ಪೋರ್ಟ್ ತಕ್ಷಣ ಮುಚ್ಚಿಕೊಳ್ಳುತ್ತದೆ, ಉಳಿದ ಕಚೇರಿ ನಡೆಯುತ್ತಿರುತ್ತದೆ. ಮೈಕ್ರೋಟಿಕ್ ಬ್ರಿಡ್ಜ್‌ನಲ್ಲೂ ಪೋರ್ಟಿಗೆ ಬಿಪಿಡಿಯು ಗಾರ್ಡ್ ಇದೆ, ನಾವೇ ಆನ್ ಮಾಡಬೇಕು. ಸಿಸ್ಕೊದಲ್ಲಿ ಮುಚ್ಚಿದ ಪೋರ್ಟ್ ತಾನಾಗಿ ತೆರೆಯಬೇಕಾದರೆ ‘ಎರ್‌ಡಿಸೇಬಲ್ ರಿಕವರಿ ಕಾಸ್ ಬಿಪಿಡಿಯುಗಾರ್ಡ್’ ಬರೆದಿಡಿ. ಆಗ 300 ಸೆಕೆಂಡಿಗೊಮ್ಮೆ ತೆರೆದು ನೋಡುತ್ತದೆ, ಲೂಪ್ ಇನ್ನೂ ಇದ್ದರೆ ಮತ್ತೆ ಮುಚ್ಚುತ್ತದೆ.