ದೋಣಿ ಮೋಟಾರಿಗೆ ಯಾವ ಪೆಟ್ರೋಲ್? ನನ್ನ ಓಟು ದುಬಾರಿಯದ್ದಕ್ಕೇ

ಮೊದಲೇ ಹೇಳಿಬಿಡುತ್ತೇನೆ, ಈಗ ನಾನು ದೋಣಿಗೆ 100 ಆಕ್ಟೇನ್ (ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ಗುಣದ ಅಳತೆ ಇದು) ಬಿಟ್ಟು ಬೇರೆ ಪೆಟ್ರೋಲ್ ಹಾಕುವುದಿಲ್ಲ. ಲೀಟರಿಗೆ 160 ರೂಪಾಯಿ ಆಸುಪಾಸು. ಮನೆಯಲ್ಲಿ ಬೈತಾರೆ, ಆದರೂ ಅದೇ.

ನಮ್ಮದು ಶರಾವತಿ ಹಿನ್ನೀರಿನ ದಂಡೆ. ಹಳೇ ಟೂ ಸ್ಟ್ರೋಕ್ ಮೋಟಾರಿನ ಸಣ್ಣ ದೋಣಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಅದಕ್ಕೆ ಕೆಲಸ ಕಡಿಮೆ. ಮೀನಿಗೆ ಹೋದರೆ ಹೋದೆ, ಇಲ್ಲದಿದ್ದರೆ ಮೋಟಾರು ವಾರಗಟ್ಟಲೆ ಕೊಟ್ಟಿಗೆ ಮೂಲೆಯಲ್ಲೇ. ಎಡವಟ್ಟಾಗಿದ್ದು ಇಲ್ಲೇ.

ಬಂಕಿನ ಮಾಮೂಲಿ ಪೆಟ್ರೋಲಿನಲ್ಲಿ ಈಗ 20 ಪರ್ಸೆಂಟ್ ಎಥನಾಲ್. ದಿನಾ ಓಡುವ ಬೈಕಿಗೆ ನನಗೇನೂ ತೊಂದರೆ ಕಾಣಲಿಲ್ಲ. ಆದರೆ ಎಥನಾಲ್ ನೀರು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಇದನ್ನು ಕೇಳಬೇಕಾ? ಅರ್ಧ ಟ್ಯಾಂಕ್ ಹಾಗೇ ಬಿಟ್ಟಿದ್ದೆ, ಮುಚ್ಚಳದ ಗಾಳಿ ತಿರುಪು ಮುಚ್ಚಿರಲಿಲ್ಲ (ತಪ್ಪು ನನ್ನದೇ), ಮೇಲಿನ ಹೆಂಚೂ ಸೋರುತ್ತಿತ್ತು. ನವೆಂಬರಿನಲ್ಲಿ ಹೊರಟರೆ ಹಿನ್ನೀರಿನ ನಟ್ಟನಡುವೆ ಕೆಮ್ಮಿ ಕೆಮ್ಮಿ ನಿಂತಿತು. ಹುಟ್ಟು ಹಾಕಿ ದಡ ಸೇರುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು.

ಟ್ಯಾಂಕಿನದ್ದನ್ನು ಬಾಟಲಿಗೆ ಬಗ್ಗಿಸಿ ನೋಡಿದೆ. ಮೇಲೆ 2ಟಿ ಎಣ್ಣೆಯ (ಟೂ ಸ್ಟ್ರೋಕ್ ಮೋಟಾರು ಸವೆಯದಂತೆ ಪೆಟ್ರೋಲಿಗೇ ಬೆರೆಸುವ ಎಣ್ಣೆ) ಬಣ್ಣದ ಪೆಟ್ರೋಲ್, ತಳದಲ್ಲಿ ಎರಡು ಬೆರಳಷ್ಟು ಬೇರೆಯೇ ನೀರು. ನೀರು ಜಾಸ್ತಿಯಾದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ, ಎಣ್ಣೆ ಮೇಲೆಯೇ ಉಳಿಯುತ್ತದೆ, ಪೈಪು ಎಳೆಯುವುದು ಮಾತ್ರ ತಳದಿಂದ. ಎಣ್ಣೆಯೇ ಇಲ್ಲದ್ದನ್ನು ಕುಡಿದೂ ಪಿಸ್ಟನ್ ಹಿಡಿದುಕೊಳ್ಳಲಿಲ್ಲ, ಪುಣ್ಯ. ಕಾರ್ಬುರೇಟರಿನ ಬಟ್ಟಲಲ್ಲಿ ಬಿಳೀ ಪುಡಿ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಹೋಗಿತ್ತು. ಸಾಗರದಲ್ಲಿ ಬಿಚ್ಚಿಸಿ, ಪೈಪು ಬದಲಿಸಿ 1,800 ರೂಪಾಯಿ ಕೊಟ್ಟು ಬಂದೆ.

ನೀರು ಹಾಕಿ ಕುಲುಕಿ ಎಥನಾಲ್ ತೆಗೆಯುವ ಉಪಾಯವನ್ನೂ ನೋಡಿದೆ. 100 ಎಂಎಲ್ ಪೆಟ್ರೋಲಿಗೆ 20 ಎಂಎಲ್ ನೀರು ಹಾಕಿದರೆ ತಳದ ಗೆರೆ 40ರ ಹತ್ತಿರ ಬಂದು ನಿಲ್ಲುತ್ತದೆ. ನೋಡೋಕೆ ಮಜಾ. ಆದರೆ ಅದರ ಜೊತೆ ಆಕ್ಟೇನೂ ಇಳಿಯುತ್ತದೆ, ಆ ನೀರನ್ನು ಚೆಲ್ಲುವುದೆಲ್ಲಿ, ತೋಟಕ್ಕಾ? ಬೇಡ.

ಪ್ರತಿ ಸಲ ಪೈಪು ಕಿತ್ತು ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ, ಉಳಿದದ್ದನ್ನು ಕಳೆ ಹೊಡೆಯುವ ಮಶೀನಿಗೆ ಸುರಿಯಬಹುದು. ಶಿಸ್ತಿನವರಿಗೆ ಅಷ್ಟೇ ಸಾಕು. ನನಗೆ ಮೀನು ಸಿಕ್ಕಿದ ದಿನ ಬೇರೇನೂ ನೆನಪಿರುವುದಿಲ್ಲ.

100 ಆಕ್ಟೇನಿನದ್ದು ಒಂದೇ ಕಿರಿಕಿರಿ, ನಾನು ವಿಚಾರಿಸಿದ ಬಂಕುಗಳಲ್ಲಿ ಇಲ್ಲ ಅಂದರು. ಬೆಂಗಳೂರಿನಿಂದ ಭಾವ ಬರುವುದನ್ನೇ ಕಾಯಬೇಕು. ಅದಕ್ಕೂ ಅದೇ ಬಾಟಲಿ ಪರೀಕ್ಷೆ ಮಾಡಿದೆ, ಗೆರೆ 20 ಬಿಟ್ಟು ಅಲ್ಲಾಡಲಿಲ್ಲ, ಅಂದರೆ ಅದರಲ್ಲಿ ಎಥನಾಲ್ ಇಲ್ಲ. ತಿಂಗಳಿಗೆ ಐದು ಲೀಟರ್ ಸುಡುವ ನನಗೆ ಹೆಚ್ಚೆಂದರೆ 300 ರೂಪಾಯಿ ಜಾಸ್ತಿ. ದಿನಾ ಬಲೆ ಬಿಡುವವರು ಸುಮ್ನೆ ಬಂಕಿನದ್ದೇ ಹಾಕಲಿ, ಕೆಡುವಷ್ಟು ದಿನ ಅದು ಅವರ ಟ್ಯಾಂಕಿನಲ್ಲಿ ಕೂರುವುದೇ ಇಲ್ಲ ಅಲ್ವಾ.