ಹಳೆ ಟ್ರ್ಯಾಕ್ಟರ್ ಲಿಫ್ಟ್ ಎತ್ತುತ್ತಿಲ್ಲವಾ? ‘ಪಂಪ್ ಹೋಗಿದೆ’ ಅಂದ ಕೂಡಲೇ ದುಡ್ಡು ಕೊಡಬೇಡಿ

21,500 ರೂಪಾಯಿ ಕೊಟ್ಟೆ. ಕೈಯಲ್ಲಿ ಬಿಲ್ ಇಲ್ಲ. ಲಿಫ್ಟಿಗೆ ಆಯಿಲ್ ನೂಕೋ ನನ್ನ ಹಳೆ ಪಂಪ್ ಇಲ್ಲ. ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಕಲ್ಟಿವೇಟರ್ ಎತ್ತೋ ಆ ಲಿಫ್ಟೂ ಸರಿಯಾಗಲಿಲ್ಲ.

ಬರೆಯೋದಾ ಬೇಡವಾ ಅಂತ ಹದಿನೈದು ದಿನ ಸುಮ್ಮನಿದ್ದೆ. ನಾಚಿಕೆ. ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಹೊಡೆಯೋನು ಹೀಗೆ ಟೋಪಿ ಹಾಕಿಸಿಕೊಂಡನಾ ಅಂತ ಊರಲ್ಲಿ ಕೇಳಿದ್ದಾರೆ. ಆದರೆ ಮೊನ್ನೆ ಪಕ್ಕದೂರಿನ ಒಬ್ಬರ ಗಾಡಿ ನನಗೆ ಟೋಪಿ ಹಾಕಿದ ಅದೇ ಗ್ಯಾರೇಜಿನ ಮುಂದೆ ಟಾಪ್ ಕವರ್, ಅಂದರೆ ಸೀಟಿನ ಕೆಳಗಿನ ಮುಚ್ಚಳ, ಬಿಚ್ಚಿಕೊಂಡು ನಿಂತಿತ್ತು. ನೋಡಿ ಹೊಟ್ಟೆ ಉರಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮ್ಯಾಸಿ 1035. ಅಪ್ಪ 1998ರಲ್ಲಿ ತಂದ ಗಾಡಿ. ದಾವಣಗೆರೆ ಕಡೆ, ಭದ್ರಾ ನಾಲೆ ನೀರಿನ ಗದ್ದೆ. ನೀರು ಬಿಟ್ಟಾಗೆಲ್ಲ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿಕೊಂಡು ಕೆಸರಿಗೆ ಇಳಿಯೋದೇ. ಈ ಮಳೆಗಾಲ ನಾಟಿ ಹೊತ್ತಿಗೆ ಸರಿಯಾಗಿ ಲಿಫ್ಟ್ ಕೈಕೊಟ್ಟಿತು. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಎತ್ತುತ್ತಿತ್ತು. ಒಂದು ಗಂಟೆ ಹೊಡೆದು ಆಯಿಲ್ ಬಿಸಿಯಾದರೆ ಕಲ್ಟಿವೇಟರ್ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಎತ್ತಿದ ಮೇಲೂ ನಿಂತಲ್ಲಿ ನಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಇಂಜಿನ್ ಆಫ್ ಮಾಡಿದರೆ ಎರಡೇ ನಿಮಿಷಕ್ಕೆ ನೆಲಕ್ಕೆ. ಒಳ್ಳೆ ಲಿಫ್ಟ್ ಆದರೆ ಇಂಜಿನ್ ನಿಲ್ಲಿಸಿದರೂ ಸುಮಾರು ಹೊತ್ತು ಎತ್ತಿದಲ್ಲೇ ಇರುತ್ತದೆ, ಗೊತ್ತಲ್ವಾ.

ನಾಟಿ ಹೆಂಗಸರಿಗೆ ದಿನ ಹೇಳಿ ಆಗಿತ್ತು. ಸಸಿ ಬಲಿಯುತ್ತಿತ್ತು. ಆ ಅವಸರದಲ್ಲೇ ನಾನು ಕೆಟ್ಟಿದ್ದು. ಯಾರೋ ಹೇಳಿದರು ಅಂತ ಪೇಟೆಯ ಒಂದು ಗ್ಯಾರೇಜಿಗೆ ಗಾಡಿ ಹೊಡೆದುಕೊಂಡು ಹೋದೆ. ಹೆಸರು ಹಾಕಲ್ಲ. ಆತ ಗಾಡಿ ಹತ್ತಲೂ ಇಲ್ಲ. ಲಿವರ್ ಎಳೆದು ನೋಡಲೂ ಇಲ್ಲ. ಫೋನಲ್ಲಿ ಮಾತಾಡುತ್ತಲೇ ದೂರದಿಂದ ಅಂದ:

“ಪಂಪ್ ಹೋಗಿದೆ ಯಜಮಾನ್ರೇ. ಹಳೆ ಗಾಡಿ ಅಲ್ವಾ, ಹೊಸದು ಹಾಕ್ಬಿಡಣ. ಸಂಜೆಗೆ ತಗೊಂಡು ಹೋಗಿ.”

ಪಂಪ್ 14,000, ಕೂಲಿ 5,000, ಪ್ಯಾಕಿಂಗು ಅದು ಇದು ಅಂತ 2,500. ಹೆಂಡತಿ ಸಂಘದಿಂದ ಎತ್ತಿದ್ದ ದುಡ್ಡು ಅದು. 10,000 ಫೋನಲ್ಲಿ ಹಾಕಿದೆ, ಉಳಿದಿದ್ದು ಕೈಯಲ್ಲಿ. ಬಿಲ್ ಕೇಳಿದರೆ, “ಬಿಲ್ ಹಾಕಿದ್ರೆ ನಿಮಗೇ ಜಾಸ್ತಿ ಬೀಳುತ್ತೆ” ಅಂದ. ಹಳೆ ಪಂಪ್ ಎಲ್ಲಿ ಅಂದೆ. “ಅದೆಲ್ಲ ಗುಜರಿಗೆ ಹೋಯ್ತು” ಅಂದ. ಅರ್ಧ ದಿನದಲ್ಲಿ ಗುಜರಿಗೆ ಹೋಯಿತಂತೆ! ಅಲ್ಲೇ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕತ್ತಲಾಗುತ್ತಿತ್ತು, ಬೆಳಿಗ್ಗೆ ಗದ್ದೆಗೆ ಇಳಿಯಬೇಕಿತ್ತು.

ನಾಲ್ಕು ದಿನ. ನಾಲ್ಕೇ ದಿನ ಎತ್ತಿತು. ಐದನೇ ದಿನ ಗದ್ದೆ ನಡುವೆ ಅದೇ ಕಥೆ, ಜೊತೆಗೆ ಸೀಟಿನ ಕೆಳಗೆ ಕರಕರ ಅಂತ ಹೊಸ ಸದ್ದು ಬೇರೆ. ನಾಟಿಯವರು ಬದುವಿನ ಮೇಲೆ ಕೂತು ಕಾಯುತ್ತಿದ್ದರು. ಬಾಡಿಗೆ ಟ್ರ್ಯಾಕ್ಟರ್ ಕರೆಸಿದೆ, ಗಂಟೆಗೆ 1,100ರಂತೆ ಒಂಬತ್ತು ಗಂಟೆ. ಮನೆಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು ಬಾಡಿಗೆಯದು ಕರೆಸಿದೆ.

ಆತನಿಗೆ ಫೋನ್ ಮಾಡಿದರೆ ಬಂದ ಉತ್ತರಗಳು ಒಂದಕ್ಕಿಂತ ಒಂದು ಚೆಂದ. ಮೊದಲ ದಿನ, “ಹೊಸ ಪಂಪ್ ಅಲ್ವಾ, ಸೆಟ್ ಆಗ್ಬೇಕು.” ಎರಡನೇ ದಿನ, “ಲೋಡ್ ಜಾಸ್ತಿ ಹಾಕಿದೀರ.” ಅದೇ ಗಾಡಿ, ಅದೇ ಒಂಬತ್ತು ಹಲ್ಲಿನ ಕಲ್ಟಿವೇಟರ್, ಯಾವ ಲೋಡ್ ಜಾಸ್ತಿ? ಮೂರನೇ ದಿನ, “ಹಳೆ ಗಾಡಿಗೆ ಎಷ್ಟು ಮಾಡಿದ್ರೂ ಅಷ್ಟೇ, ಮಾರಿಬಿಡಿ. ಬೇಕಾದ್ರೆ ನಾನೇ ಗಿರಾಕಿ ನೋಡ್ತೀನಿ.” ಈ ಮಾತಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಗಾಡಿ ಅದು. ಕೆಡಿಸೋದೂ ಇವನೇ, ಮಾರಿಸೋದೂ ಇವನೇ. ಆಮೇಲೆ ಫೋನ್ ಎತ್ತೋದೇ ಬಿಟ್ಟ.

ಕೊನೆಗೆ ಪಕ್ಕದೂರಿನ ಒಬ್ಬರು ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆ. ಈಗ ಕೆಲಸ ಬಿಟ್ಟಿದ್ದಾರೆ, ಕೈಕಾಲು ಹಿಡಿದು ಕರೆತಂದೆ. ಅವರು ಮೊದಲು ಕೇಳಿದ್ದೇ, “ತಮ್ಮಾ, ತಣ್ಣಗಿದ್ದಾಗ ಎತ್ತುತ್ತಾ? ಬಿಸಿ ಆದ್ಮೇಲೆ?” ಹಿಂದೆ ಕಟ್ಟಿದ ಯಂತ್ರ ತಿರುಗಿಸೋ ಪಿಟಿಓ ಲಿವರ್ ಪೂರ್ತಿ ಕೂತಿದೆಯಾ ನೋಡಿದರು. ಈ ಗಾಡಿಯಲ್ಲಿ ಪಂಪ್ ತಿರುಗೋದು ಪಿಟಿಓ ಶಾಫ್ಟಿನಿಂದಲೇ. ಆಮೇಲೆ ಗೇಜ್ ಕಡ್ಡಿ ಎಳೆದು ಆಯಿಲ್ ನೋಡಿದರು. ಹಾಲು ಹಾಕಿದ ಟೀ ಹಾಗಿತ್ತು. ಬಿಸಿ ಸೈಲೆನ್ಸರ್ ಮೇಲೆ ಒಂದು ಹನಿ ಬಿಟ್ಟರು, ಚಟಪಟ ಅಂತು. “ನೀರು. ಇದ್ರಲ್ಲಿ ನೀರೈತೆ” ಅಂದರು. ಗೇರ್, ಹಿಂದಿನ ಆಕ್ಸಲ್, ಲಿಫ್ಟ್ ಮೂರಕ್ಕೂ ಒಂದೇ ಆಯಿಲ್. ಕೆಸರಲ್ಲಿ ಹೊಡೆಯೋ ಗಾಡಿಗೆ ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ನೀರು ಇಳಿಯುತ್ತದಂತೆ. ನಮ್ಮದು ಹರಿದಿತ್ತು. ಅಂದರೆ ಗ್ಯಾರೇಜಿನವನು ಅದೇ ಬಿಳಿ ಆಯಿಲ್ ಬಸಿದು, ಅದನ್ನೇ ವಾಪಸ್ ಸುರಿದು ಕಳಿಸಿದ್ದ. ಹೊಸ ಪಂಪಿಗೆ ನೀರು ಬೆರೆತ ಆಯಿಲ್!

ಸ್ವಲ್ಪ ಆಯಿಲ್ ಇಳಿಸಿ ಪಕ್ಕದ ಕವರ್ ಬಿಚ್ಚಿದರು. ಕಲ್ಟಿವೇಟರ್ ಎತ್ತಿ, ಇಂಜಿನ್ ಆಫ್ ಮಾಡಿಸಿ, ಒಳಗೆ ಟಾರ್ಚ್ ಬಿಟ್ಟು ನನ್ನನ್ನೂ ಕರೆದು ತೋರಿಸಿದರು. ಪಂಪಿನಿಂದ ಮೇಲಿನ ಸಿಲಿಂಡರಿಗೆ ಒಂದು ನೆಟ್ಟಗಿನ ಪೈಪ್ ಹೋಗುತ್ತದೆ. ಅದರ ತುದಿಯಿಂದ ಆಯಿಲ್ ಸೋರಿ ಸಣ್ಣಗೆ ಇಳಿಯುತ್ತಿತ್ತು. ಸಿಲಿಂಡರಿನ ಬಾಯಿಂದಲೂ ಬರುತ್ತಿತ್ತು. ಲಿಫ್ಟ್ ಕುಣಿಯುತ್ತಿದ್ದದ್ದು ಇದಕ್ಕೇ. ಸೋರಿದಷ್ಟು ಇಳಿಯುತ್ತದೆ, ಪಂಪ್ ಮತ್ತೆ ತುಂಬುತ್ತದೆ. ಪೈಪಿನ ಓ-ರಿಂಗ್ (ಸೋರದ ಹಾಗೆ ಹಾಕೋ ರಬ್ಬರ್ ಬಳೆ), ಸಿಲಿಂಡರಿನ ಪಿಸ್ಟನ್ ರಿಂಗ್, ಅಷ್ಟೇ ಸಾಮಾನು. ಪಂಪ್ ಬದಲಿಸಬೇಕು ಅಂದರೆ ಟಾಪ್ ಕವರ್ ಎತ್ತಲೇಬೇಕು. ಎತ್ತಿದರೆ ಈ ಎರಡೂ ಕಣ್ಣೆದುರಿಗೇ ಇರುತ್ತವೆ. ಆತ ಕವರ್ ಎತ್ತಿದ್ದ, ಕಣ್ಣೆದುರಿಗೇ ಇತ್ತು, ಮುಟ್ಟಲಿಲ್ಲ. ಪ್ಯಾಕಿಂಗ್ ಅಂತ 2,500 ಮಾತ್ರ ತೆಗೆದುಕೊಂಡ.

ಇಷ್ಟೇ ಆಗಿದ್ದರೆ ಕೆಲಸ ಬರಲ್ಲ ಅಂತ ಬಿಡುತ್ತಿದ್ದೆ. ಮೇಸ್ತ್ರಿ ಅಜ್ಜ ಸದ್ದು ಯಾಕೆ ಬರುತ್ತಿದೆ ನೋಡೋಣ ಅಂತ ಪಂಪ್ ಹೊರಗೆ ತೆಗೆದರು. ಅದರ ಫಿಲ್ಟರ್ ಜಾಲರಿ ಪೂರ್ತಿ ಬೂದು ಗಸಿಯಲ್ಲಿ ಮುಚ್ಚಿತ್ತು, ತೊಳೆದೇ ಇಲ್ಲ. ಪಂಪಿನ ಮೈಗೆ ಬೆಳ್ಳಿ ಬಣ್ಣ. ಅಜ್ಜ ಒಂದು ಹೊತ್ತು ಸುಮ್ಮನೆ ನೋಡಿದರು. ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರು. ಬಟ್ಟೆಗೆ ಬೆಳ್ಳಿ ಬಣ್ಣ ಹತ್ತಿತು. ಇನ್ನೊಂದು ಸಲ ಒರೆಸಿದರು, ಒಳಗಿಂದ ಕಪ್ಪು ಎರಕ, ಹಳೆ ಸ್ಪ್ಯಾನರ್ ಗುರುತು, ಬೋಲ್ಟಿನ ಮೂಲೆ ಸವೆದು ಉರುಟಾಗಿರೋದು, ಎಲ್ಲ ಕಂಡಿತು.

“ಆಯಿಲ್ ಒಳಗೆ ಮುಳುಗಿರೋ ಪಂಪಿಗೆ ಯಾರಪ್ಪ ಪೇಂಟ್ ಹೊಡೀತಾರೆ?” ಅಂದರು.

ಆ ಬಟ್ಟೆ ನನ್ನ ಕೈಗೆ ಕೊಟ್ಟರು. ಮಾತೇ ಬರಲಿಲ್ಲ. ಯಾರದೋ ಗಾಡಿಯ ಸವೆದ ಪಂಪಿಗೆ ಬಣ್ಣ ಬಳಿದು ಹೊಸದು ಅಂತ ಹಾಕಿದ್ದ. ಬಿಚ್ಚಿದರೆ ನಾಲ್ಕು ಪಿಸ್ಟನ್‌ಗಳಲ್ಲಿ ಎರಡರ ಮೇಲೆ ಉದ್ದಕ್ಕೂ ಗೀರು. ನನ್ನ ಪಂಪ್? ಅಪ್ಪ ತಂದಾಗಿನಿಂದ ಇದ್ದ ಕಂಪನಿ ಪಂಪ್, ಅದು ಕೆಟ್ಟಿತ್ತು ಅಂತ ಈಗ ನನಗೆ ನಂಬಿಕೆ ಇಲ್ಲ. ಅದಕ್ಕೂ ಬಣ್ಣ ಹೊಡೆದು ಇನ್ಯಾರ ಗಾಡಿಗೆ ಹಾಕಿದ್ದಾನೋ.

ಬಟ್ಟೆ ಮತ್ತು ಪಂಪ್ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೋದೆ. ನೋಡಿದವನೇ, “ಇದು ನಾನು ಕೊಟ್ಟ ಪಂಪೇ ಅಲ್ಲ ಯಜಮಾನ್ರೇ. ಬಿಲ್ ಇದ್ರೆ ತೋರಿಸಿ” ಅಂದ. ಬಿಲ್ ಬೇಡ ಅಂದವನೇ ಬಿಲ್ ಕೇಳಿದ. ಅಲ್ಲಿದ್ದ ಹುಡುಗರು ನಕ್ಕರು.

ಅದಕ್ಕೇ ಹೇಳುತ್ತಿದ್ದೇನೆ. ಪಂಪ್ ಅಂದ ಕೂಡಲೇ ಒಪ್ಪಬೇಡಿ. ಮೊದಲು ಆಯಿಲ್ ನೋಡಿ, ಬೆಳ್ಳಗಿದ್ದರೆ ಬದಲಿಸಿ, ಫಿಲ್ಟರ್ ತೊಳೆಸಿ. ಪಕ್ಕದ ಕವರ್ ಬಿಚ್ಚಿಸಿ ಸೋರೋದು ಎಲ್ಲಿ ಅಂತ ನಿಮ್ಮ ಕಣ್ಣಿಂದ ನೋಡಿ. ಎತ್ತಿದ ಕಲ್ಟಿವೇಟರ್ ಕೆಳಗೆ ಮಾತ್ರ ಯಾರೂ ತೂರಬೇಡಿ. ಬಿಚ್ಚುವಾಗ ಎದ್ದು ಹೋಗಬೇಡಿ, ಟೀ ಕುಡಿಯೋಕೂ ಬೇಡ. ಹಳೆ ಸಾಮಾನು ನಿಮ್ಮದು, ಕೇಳಿ ಇಸ್ಕೊಳ್ಳಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ನನ್ನ ಗಾಡಿಗೆ ಕೊನೆಗೆ ಬಿಲ್ ಹಾಕಿಸಿ ಬೇರೆ ಪಂಪ್ ತಂದೆ. ಓ-ರಿಂಗ್, ಪಿಸ್ಟನ್ ರಿಂಗ್, ಗೇರ್ ಲಿವರ್ ರಬ್ಬರ್, ಎರಡು ಕ್ಯಾನ್ ಹೊಸ ಆಯಿಲ್. ಈಗ ಎತ್ತುತ್ತಿದೆ. ಅಜ್ಜ ಕೂಲಿ ಅಂತ ತೆಗೆದುಕೊಂಡಿದ್ದು 1,500.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಅಲ್ಲಿಗೂ ಹೋಗುತ್ತೇನೆ. ಕೈಯಲ್ಲಿರೋದು 10,000 ಹಾಕಿದ ಫೋನ್ ದಾಖಲೆ, ಆ ಪಂಪ್, ಆ ಬಟ್ಟೆ. ಅದೇ ಗ್ಯಾರೇಜಿನಲ್ಲಿ ಬಿಲ್ ಇಲ್ಲದೆ ಪಂಪ್ ಹಾಕಿಸಿದವರು ನಮ್ಮ ಸುತ್ತಮುತ್ತ ಇದ್ದರೆ ಒಂದು ಸಲ ಕವರ್ ಬಿಚ್ಚಿಸಿ, ಡೀಸೆಲ್ ಬಟ್ಟೆಯಲ್ಲಿ ಒರೆಸಿ ನೋಡಿ. ಬಣ್ಣ ಬಂದರೆ ನನಗೆ ಹೇಳಿ, ಒಟ್ಟಿಗೇ ಹೋಗೋಣ.